ಹೂಂಗುಟ್ಟುವವರ ರಾಜ್ಯ

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟುವ ಮೊದಲು, ಕಡವಲಗಿರಿ ಅಂತ ಒಂದು ರಾಜ್ಯ ಇತ್ತು. ಅದಕ್ಕೊಂದು ಕಲ್ಲಿನ ಕೋಟೆ, ಕೋಟೆಯ ಹೊರಗೆ ಕಬ್ಬಿನ ಗದ್ದೆ, ಗದ್ದೆಯ ಆಚೆ ಕುರುಚಲು ಗುಡ್ಡ. ರಾಜನೂ ಒಬ್ಬ ಇದ್ದ. ಅವನ ಹೆಸರು ಹೇಳುವುದಿಲ್ಲ, ಯಾಕಂದರೆ ಈ ಕತೆಯಲ್ಲಿ ಅವನಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಯಾರು ಮಾತಾಡಿದರೂ ಕೇಳುವವರು ನಡುನಡುವೆ ‘ಹ್ಞೂಂ’ ಅನ್ನಬೇಕು. ಹ್ಞೂಂ ಅನ್ನದೆ ಎದ್ದು ಹೋದರೆ ಅದು ಮುಖಕ್ಕೆ ಉಗಿದಷ್ಟೇ ದೊಡ್ಡ ತಪ್ಪು. ಹಿಂದೊಮ್ಮೆ ಕೋಟೆಯ ಕಾವಲಿನವನು ಶತ್ರುಗಳು ಬಂದರು ಅಂತ ಕೂಗಿದಾಗ ಯಾರೂ ಹ್ಞೂಂ ಅನ್ನಲಿಲ್ಲವಂತೆ, ಅರ್ಧ ಊರು ಸುಟ್ಟು ಬೂದಿಯಾಯಿತಂತೆ. ಆವತ್ತಿನಿಂದ ಈ ಕಟ್ಟಳೆ. ಮಾಡಿದ್ದು ಒಳ್ಳೆಯದಕ್ಕೇ. ಆದರೆ ವರ್ಷಗಳು ಕಳೆದ ಹಾಗೆ ಜನ ಕೇಳುವುದನ್ನು ಬಿಟ್ಟರು, ಹ್ಞೂಂ ಅನ್ನುವುದನ್ನು ಮಾತ್ರ ಉಳಿಸಿಕೊಂಡರು.

ಈ ಕಟ್ಟಳೆಯಿಂದ ವಿನಾಯಿತಿ ಇದ್ದದ್ದು ಒಬ್ಬರಿಗೇ, ಆಲೆಮನೆಯಲ್ಲಿ ಪಾಕ ನೋಡುವವರಿಗೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಬೆಲ್ಲದ ಹದಕ್ಕೆ ಬರುವ ಹೊತ್ತು ಇದೆಯಲ್ಲ, ಅದು ರೆಪ್ಪೆ ಬಡಿಯುವಷ್ಟು ಹೊತ್ತು. ಮುಂಚೆ ಇಳಿಸಿದರೆ ನೀರು ಪಾಕ, ತಡವಾದರೆ ಕರಕಲು. ಅದಕ್ಕೇ ಪಾಕ ನೋಡುವವರು ಕಿವಿಯ ಮೇಲೆ ಒಂದು ಕಬ್ಬಿನ ಗರಿ ಸಿಕ್ಕಿಸಿಕೊಳ್ಳುತ್ತಿದ್ದರು. ಗರಿ ಇರುವ ತನಕ ಅವರಿಂದ ಹ್ಞೂಂ ಕೇಳುವ ಹಾಗಿಲ್ಲ, ರಾಜನೇ ಬಂದು ಮಾತಾಡಿಸಿದರೂ ಅಷ್ಟೇ.

ಕಡವಲಗಿರಿಯಲ್ಲಿ ಪಾಕ ನೋಡುವುದರಲ್ಲಿ ಕೆಂಚವ್ವನನ್ನು ಮೀರಿಸಿದವರಿರಲಿಲ್ಲ. ಗುಳ್ಳೆ ನೋಡಿಯೇ ಹದ ಹೇಳುತ್ತಿದ್ದಳು. ಅವಳ ಗಂಡ ದಾಸಣ್ಣ ಗಾಣ ಹೊಡೆಯುತ್ತಿದ್ದ. ಅವರಿಗೆ ಆರು ವರ್ಷದ ಒಬ್ಬಳೇ ಮಗಳು, ಪುಟ್ಟೀರಿ. ಬೆಳಗ್ಗೆ ಕಣ್ಣು ಬಿಟ್ಟರೆ ಸಂಜೆ ಕಣ್ಣು ಮುಚ್ಚುವ ತನಕ ಅವಳ ಬಾಯಿಗೆ ಬಿಡುವಿಲ್ಲ.

ಒಂದು ದಿನ ಗುಂಗುರನಾಥ ಅನ್ನುವ ಮಾಯಾವಿ ಊರಿಗೆ ಬಂದ. ಬಂದವನು ಬೆದರಿಸಲಿಲ್ಲ, ಬೆಂಕಿ ಕಾರಲಿಲ್ಲ. ಮನೆಮನೆಗೂ ಹೋಗಿ ಕೈಮುಗಿದು ಒಂದೊಂದು ಹಿತ್ತಾಳೆಯ ಗೊರವಂಕ ಹಕ್ಕಿಯನ್ನು ಸುಮ್ಮನೆ ಕೊಟ್ಟ. “ತೊಲೆಗೆ ತೂಗುಹಾಕಿ, ನಾಲ್ಕು ಮಾತಾಡಿ ನಿಮ್ಮ ಬೇಸರ ಕಳೆಯುತ್ತೆ” ಅಂದು ಹೊರಟುಹೋದ. ಸುಮ್ಮನೆ ಸಿಗುವುದನ್ನು ಬೇಡ ಅನ್ನುವವರು ಆಗಲೂ ಕಡಿಮೆ, ಈಗಲೂ ಕಡಿಮೆ.

ಗೊರವಂಕ ಮಾತಾಡಿತು. ರಾಣಿ ಅಡುಗೆಯವಳಿಗೆ ಬೈದದ್ದು, ಮೇಲಿನ ಕೇರಿಯ ಎಮ್ಮೆ ಎರಡು ತಲೆಯ ಕರು ಹಾಕಿದ್ದು, ಯಾವುದೋ ದೇಶದಲ್ಲಿ ಮೀನಿನ ಮಳೆ ಬಿದ್ದದ್ದು. ಒಂದು ಸುದ್ದಿ ಮುಗಿಯುವ ಮೊದಲೇ “ಆಮೇಲೇನಾಯ್ತು ಗೊತ್ತಾ?” ಅನ್ನುತ್ತಿತ್ತು. ಕೇಳುವವರು ಹ್ಞೂಂ ಅನ್ನಲೇಬೇಕು, ಕಟ್ಟಳೆಯಲ್ಲವೇ? ಮಾತು ನಡೆಯುತ್ತಿರುವಾಗ ಏಳುವ ಹಾಗೂ ಇಲ್ಲ. ಆ ಹಕ್ಕಿಯ ಮಾತು ನಿಲ್ಲಲೇ ಇಲ್ಲ. ಒಂದೊಂದು ಹ್ಞೂಂಕಾರಕ್ಕೂ ಜನರ ಬಾಯಿಂದ ನೂಲಿನಷ್ಟು ತೆಳ್ಳಗೆ ಹಬೆ ಹೊರಟು ಬಡಗಣ ಗುಡ್ಡದ ಕಡೆ ಹೋಗುತ್ತಿತ್ತು. ಅದು ಅವರ ಆಯುಸ್ಸು. ಯಾರೂ ನೋಡಲಿಲ್ಲ, ನೋಡುವುದಕ್ಕೆ ಪುರುಸೊತ್ತು ಎಲ್ಲಿತ್ತು? ಗಾಣ ನಿಂತಿತು. ಒಲೆ ಆರಿತು. ದನಗಳು ಕಟ್ಟಿದಲ್ಲೇ ಬಾಯಾರಿ ಸತ್ತವು.

ಆಲೆಮನೆ ನಡೆದಷ್ಟು ದಿನ ತಪ್ಪಿಸಿಕೊಂಡಿದ್ದ ಕೆಂಚವ್ವನೂ ಕೊನೆಗೆ ಕೂತಳು. ಊರಿಗೆಲ್ಲ ಹದ ಹೇಳುವವಳಿಗೆ ತನ್ನ ಮನೆಯ ಹದ ಕೆಟ್ಟದ್ದು ತಿಳಿಯಲಿಲ್ಲ.

ಪುಟ್ಟೀರಿ ಮೊದಲ ದಿನ ಸೆರಗು ಹಿಡಿದು ಎಳೆದಳು. “ಅವ್ವಾ, ಅವ್ವಾ” ಅಂದು ಏನೋ ಹೇಳಿದಳು. ಕೆಂಚವ್ವ ಗೊರವಂಕ ನೋಡುತ್ತಲೇ ಹ್ಞೂಂ ಅಂದಳು. ಮಗುವಿನ ದನಿ ತೆಳ್ಳಗಾಯಿತು. ಎರಡನೆಯ ದಿನ ಅಪ್ಪನ ತೊಡೆಯ ಮೇಲೆ ಹತ್ತಿ ಕೂತು ಅದನ್ನೇ ಹೇಳಿದಳು. ದಾಸಣ್ಣ ಹ್ಞೂಂ ಅಂದು ಅವಳನ್ನು ಪಕ್ಕಕ್ಕೆ ಸರಿಸಿದ, ಅವಳ ತಲೆ ಅಡ್ಡ ಬಂದು ಹಕ್ಕಿ ಮರೆಯಾಗುತ್ತಿತ್ತು. ಮಗುವಿನ ನೆರಳು ಮಾಸಿತು. ಮೂರನೆಯ ದಿನ ಮತ್ತೆ ಅವ್ವನ ಹತ್ತಿರ ಬಂದು, ಬಾಯಿಯೊಳಗೆ ಬೆರಳಿಟ್ಟು ತೋರಿಸುತ್ತ ಏನೋ ಹೇಳಿದಳು. ಕೆಂಚವ್ವ ಹ್ಞೂಂ ಅಂದಳು. ಪುಟ್ಟೀರಿ ನಿಂತಲ್ಲೇ ಮರದ ಗೊಂಬೆಯಾದಳು, ಬಾಯಿ ತೆರೆದುಕೊಂಡೇ. ತಾಯಿ ಅದನ್ನೂ ನೋಡಲಿಲ್ಲ.

ನೋಡಿದ್ದು ನಿಂಗಜ್ಜಿ. ಪಕ್ಕದ ಮನೆಯ ಕಿವುಡು ಮುದುಕಿ. ಹುಟ್ಟಾ ಕಿವುಡಲ್ಲ, ಮುಪ್ಪಿಗೆ ಬಂದ ಕಿವುಡು. ಅವಳ ಮನೆಯಲ್ಲೂ ಗೊರವಂಕ ತೂಗುತ್ತಿತ್ತು, ಅವಳು ಅದರ ಮೇಲೆ ಒದ್ದೆ ಬಟ್ಟೆ ಒಣಗಿಸುತ್ತಿದ್ದಳು. ಮಗುವನ್ನು ನೋಡಲು ಬಂದವಳು ಗೊಂಬೆ ನೋಡಿ ಎದೆ ಬಡಿದುಕೊಂಡಳು. ಕೆಂಚವ್ವನ ಕೆನ್ನೆಗೆ ಒಂದು ಬಿಗಿದು, ಗಲ್ಲ ಹಿಡಿದು ಮುಖವನ್ನು ಗೊಂಬೆಯ ಕಡೆ ತಿರುಗಿಸಿದಳು.

“ನೋಡೇ, ನಿನ್ನ ಹೊಟ್ಟೇಲಿ ಹುಟ್ಟಿದ್ದು. ಕಣ್ಬಿಟ್ಟು ನೋಡು.”

ಕೆಂಚವ್ವ ನೋಡಿದಳು. ಗೊಂಬೆಯ ಮುಂದೆ ಕುಸಿದು ಅದರ ಕೈ ಹಿಡಿದು ಹಿಡಿದು ನೋಡಿದಳು. ಮರ. ಗಂಡನ ತೋಳು ಅಲ್ಲಾಡಿಸಿದಳು.

“ಏನೂಂದ್ರೆ, ಮಗು ನೋಡಿ ಏನಾಗಿದೆ.”

“ಹ್ಞೂಂ” ಅಂದ ದಾಸಣ್ಣ, ತೊಲೆ ನೋಡುತ್ತ.

ನಿಂಗಜ್ಜಿ ಅವಳನ್ನು ಹೊರಗೆ ಎಳೆದುಕೊಂಡು ಬಂದಳು. “ಅವನನ್ನ ಬಿಡು. ಓಗೊಡದ ಕರೆ ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತು. ಬಡಗಣ ಗುಡ್ಡದ ಮೇಲೆ ಆ ಮಾಯಾವಿಯ ಮನೆ ಇದೆ. ಅಲ್ಲಿ ಗಡಿಗೆಗಳಿವೆ, ಮಗುವಿಗೊಂದರ ಹಾಗೆ. ನನ್ನ ಮೊಮ್ಮಗನದೂ ಇದೆ. ನಾನು ಅಲ್ಲಿ ತನಕ ಹೋಗಿ ಬಂದಿದೀನಿ. ಬಾಗಿಲುಗಳು ನನ್ನನ್ನ ತಡೀಲಿಲ್ಲ, ಅವು ಹಿಡಿಯೋದು ಕಿವೀಲಿ. ಆದ್ರೆ ಗಡಿಗೆ ಮುಂದೆ ಕೂತ್ರೆ ಒಳಗಿಂದ ಏನಂತಾರೆ ಅಂತ ನನಗೆ ಕೇಳಿಸಬೇಕಲ್ಲ. ಎರಡು ದಿನ ಕೂತು ಎದ್ದು ಬಂದೆ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಿವಿ ಇರೋರು ಹೋಗಬೇಕು. ಕಿವಿ ಇದ್ದೂ ಸಿಕ್ಕಿಹಾಕಿಕೊಳ್ಳದೋರು ಹೋಗಬೇಕು. ನೀನು ಪಾಕ ನೋಡೋಳು, ಹೋಗು.”

ಕೆಂಚವ್ವ ಮರದ ಮಗಳನ್ನು ಬೆನ್ನಿಗೆ ಸೀರೆಯಲ್ಲಿ ಬಿಗಿದು ಕಟ್ಟಿಕೊಂಡಳು. ಕಿವಿಯ ಮೇಲೆ ಒಂದು ಕಬ್ಬಿನ ಗರಿ ಸಿಕ್ಕಿಸಿಕೊಂಡಳು. ಹೊತ್ತು ನೆತ್ತಿಗೆ ಬರುವ ಮೊದಲೇ ಹೊರಟಳು.

ಗುಡ್ಡದ ಬುಡದಲ್ಲಿ ಮೊದಲನೆಯ ಬಾಗಿಲು. ಅಲ್ಲಿ ಹೆಂಗಸಿನ ಮೋರೆಯ ಒಂದು ನರಿ ಕೂತಿತ್ತು. ಸುತ್ತ ನಲವತ್ತು ಐವತ್ತು ಜನ ಕೂತಿದ್ದರು. ಕೆಲವರ ಮಂಡಿಯವರೆಗೆ ಪಾಚಿ ಬೆಳೆದಿತ್ತು, ಕೆಲವರು ಬರೀ ಮೂಳೆ. ಮೂಳೆಗಳೂ ಹ್ಞೂಂ ಅನ್ನುತ್ತಿದ್ದವು.

“ಬಾ ಕೆಂಚವ್ವ” ಅಂದಿತು ನರಿ. “ನಿನ್ನ ಓರಗಿತ್ತಿ ನಿನ್ನ ಬಗ್ಗೆ ಏನಂದಳು ಗೊತ್ತಾ?”

ಕೆಂಚವ್ವ ನಿಂತಳು. ನೀವಾಗಿದ್ದರೂ ನಿಲ್ಲುತ್ತಿದ್ದಿರಿ, ದೊಡ್ಡ ಮಾತು ಬೇಡ. ನರಿ ಓರಗಿತ್ತಿ ಅಂದದ್ದು ಹೇಳಿತು, ಆಲೆಮನೆಯವರು ಅಂದದ್ದು ಹೇಳಿತು, ಹೊಗಳಿದ್ದು ಒಂದು, ಆಡಿಕೊಂಡದ್ದು ಎರಡು. ಕೆಂಚವ್ವ ಕೇಳುತ್ತ ಹೋದಳು. ಹ್ಞೂಂ ಅಂದಳು, ಒಂದು ಹಿಡಿ ಕೂದಲು ಬೆಳ್ಳಗಾಯಿತು. ಹ್ಞೂಂ ಅಂದಳು, ಬಾಯಲ್ಲಿ ಒಂದು ದವಡೆ ಹಲ್ಲು ಉದುರಿತು. ಮೂರನೆಯ ಹ್ಞೂಂ ಅಂದು ಕೂರುವುದಕ್ಕೆ ಮಂಡಿ ಬಾಗಿಸಿದಳು. ಬೆನ್ನ ಮೇಲಿನ ಮರದ ಕಾಲು ಕಲ್ಲಿಗೆ ತಗುಲಿ ಟಕ್ ಅಂದಿತು.

ಕೆಂಚವ್ವ ಎದ್ದಳು. ಕಿವಿಯ ಮೇಲಿನ ಗರಿ ತೋರಿಸಿದಳು. “ನಾನು ಪಾಕದ ಮುಂದೆ ಇದೀನಿ. ನನ್ನ ಹ್ಞೂಂ ನಿನಗಿಲ್ಲ.”

ಕಟ್ಟಳೆಯನ್ನು ತಿಂದು ಬದುಕುವ ಪ್ರಾಣಿ ಕಟ್ಟಳೆಯನ್ನು ಮೀರುವ ಹಾಗಿಲ್ಲ. ನರಿ ಹಲ್ಲು ಕಡಿದು ದಾರಿ ಬಿಟ್ಟಿತು. ಅವಳು ದಾಟುವಾಗ ಕೂತಿದ್ದವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಗುಡ್ಡದ ನಡುವಿನಲ್ಲಿ ಎರಡನೆಯ ಬಾಗಿಲು. ಬಾಗಿಲ ಮೇಲೆ ಎರಡು ತಲೆಯ ಕಾಗೆ. ಅದು ಮಾತಾಡುವ ಮೊದಲೇ ಹಾರಿ ಬಂದು ಅವಳ ಕಿವಿಯ ಗರಿ ಕಿತ್ತುಕೊಂಡು ನುಂಗಿತು.

“ಕೆಂಚವ್ವ, ನಿನ್ನ ಆಲೆಮನೆಗೆ ಬೆಂಕಿ ಬಿತ್ತು” ಅಂದಿತು ಒಂದು ತಲೆ.

“ನಿನ್ನ ಗಂಡನ ಮೇಲೆ ತೊಲೆ ಬಿತ್ತು” ಅಂದಿತು ಇನ್ನೊಂದು ತಲೆ.

“ಹೊಳೆ ಉಕ್ಕಿ ಬರ್ತಿದೆ.”

“ಪಡುವಣ ಸೀಮೆಗೆ ಮಾರಿ ಬಂತು, ಮೂಡಣ ಸೀಮೆಯ ಅರಸನ ತಲೆ ಹೋಯ್ತು.”

ಕೆಂಚವ್ವ ತಿರುಗಿದಳು. ಹಿಂದಕ್ಕೆ ಓಡಿದಳು. ಏಳು ಹೆಜ್ಜೆ ಓಡಿದಳು, ಹೆಜ್ಜೆಗೊಂದು ವರ್ಷದಂತೆ ಏಳು ವರ್ಷ ಮುದುಕಿಯಾದಳು. ಎಂಟನೆಯ ಹೆಜ್ಜೆಗೆ ಉಸಿರು ಕಟ್ಟಿ ನಿಂತಳು. ಬೆಂಕಿ ನಿಜವೋ ಸುಳ್ಳೋ, ಈ ಗುಡ್ಡದ ಮೇಲಿಂದ ನಾನು ಒಂದು ಬೊಗಸೆ ನೀರು ಹಾಕುವುದಕ್ಕಾಗುತ್ತದೆಯೇ ಅಂತ ತನ್ನನ್ನೇ ಕೇಳಿಕೊಂಡಳು. ಆಗುವುದಿಲ್ಲ. ಪಡುವಣ ಸೀಮೆಗೆ ನನ್ನಿಂದ ಏನಾಗುತ್ತದೆ? ಏನೂ ಇಲ್ಲ. ಈಗ, ಈ ಹೊತ್ತಿನಲ್ಲಿ, ನನ್ನ ಕೈಲಾಗುವುದು ಯಾವುದು? ಬೆನ್ನ ಮೇಲಿನ ಭಾರ ಒಂದೇ.

ಆಗ ಅವಳಿಗೆ ಇನ್ನೊಂದು ತಿಳಿಯಿತು. ಈ ಕಾಗೆ, ಆ ನರಿ, ಮನೆಯ ಗೊರವಂಕ, ಇವು ಯಾವುವೂ ಮಾತಾಡಿ ಸುಮ್ಮನಾಗುವುದಿಲ್ಲ. ಹ್ಞೂಂ ಅನ್ನುವಷ್ಟು ಜಾಗ ಬಿಡುತ್ತವೆ, ಉತ್ತರ ಹೇಳುವಷ್ಟು ಬಿಡುವುದಿಲ್ಲ. ಪುಟ್ಟೀರಿ ಹಾಗಲ್ಲ. ಅವ್ವಾ ಅಂತ ಕರೆಯುತ್ತಿದ್ದಳು, ಆಮೇಲೆ ಮುಖ ನೋಡುತ್ತ ಕಾಯುತ್ತಿದ್ದಳು. ಎಷ್ಟು ಹೊತ್ತು ಕಾದಿದ್ದಳೋ. ಅದನ್ನು ನೆನೆದು ಕೆಂಚವ್ವ ಅಳುತ್ತಲೇ ಗುಡ್ಡ ಹತ್ತಿದಳು. ಕಾಗೆಯ ಎರಡು ತಲೆಗಳೂ ಹಿಂದಿನಿಂದ ಅರಚುತ್ತಿದ್ದವು, ಅವಳು ಹ್ಞೂಂ ಅನ್ನಲಿಲ್ಲ.

ನೆತ್ತಿಯ ಮೇಲೆ ಮೂರನೆಯ ಬಾಗಿಲು, ಅದರೊಳಗೆ ಗುಂಗುರನಾಥನ ಮನೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಮಣ್ಣಿನ ಗಡಿಗೆಗಳು, ನೂರ ಅರವತ್ತು. ನಡುವೆ ಗುಂಗುರನಾಥ. ಊರಿಗೆ ಬಂದಾಗ ಬಡಕಲು ಮುದುಕನಾಗಿದ್ದವನು ಈಗ ಹದಿನೆಂಟರ ಹುಡುಗನ ಹಾಗೆ ಕೊಬ್ಬಿ ಹೊಳೆಯುತ್ತಿದ್ದ. ಬಾಯಿ ತೆರೆದರೆ ಅವನ ನಾಲಿಗೆಯ ಜೊತೆ ಇನ್ನೂ ನೂರ ಅರವತ್ತು ನಾಲಿಗೆ ಕಾಣುತ್ತಿದ್ದವು. ಹಿಂದಿನ ಗೋಡೆಗೆ ಆಳೆತ್ತರದ ಮರದ ಗೊಂಬೆಗಳನ್ನು ಒರಗಿಸಿಟ್ಟಿದ್ದ. ಹತ್ತು ಹನ್ನೆರಡು ಇದ್ದವು.

“ನಿನಗಿಂತ ಮುಂಚೆ ಬಂದ ಅಪ್ಪ ಅಮ್ಮಂದಿರು” ಅಂದ ಗುಂಗುರನಾಥ. “ಇಲ್ಲಿ ತನಕ ಬಂದವರಿಗೆ ನಾನು ಒಂದೇ ಪ್ರಶ್ನೆ ಕೇಳೋದು. ಸರಿಯಾಗಿ ಹೇಳಿದ್ರೆ ಮಗೂನ ಕರ್ಕೊಂಡು ಹೋಗು. ತಪ್ಪಿದ್ರೆ ಆ ಗೋಡೆಗೆ ಒರಗು. ನಿನ್ನ ಮಗಳು ಕೊನೆಗೆ ನಿನಗೆ ಹೇಳಿದ್ದು ಏನು?”

ಕೆಂಚವ್ವ ನೆನಪಿಸಿಕೊಳ್ಳಲು ನೋಡಿದಳು. ಮಗಳು ಸೆರಗು ಎಳೆದದ್ದು ನೆನಪಿತ್ತು, ಬಾಯಲ್ಲಿ ಬೆರಳಿಟ್ಟದ್ದು ಮಬ್ಬಾಗಿ ನೆನಪಿತ್ತು. ಹೇಳಿದ ಮಾತು? ಮೂರು ದಿನ ಹೇಳಿದ್ದಳು, ತಾನು ಎರಡು ದಿನ ಹ್ಞೂಂ ಅಂದಿದ್ದಳು. ಒಂದಕ್ಷರವೂ ಒಳಗೆ ಇಳಿದಿರಲಿಲ್ಲ. ನಾಚಿಕೆಯಿಂದ ಅವಳ ತಲೆ ಬಗ್ಗಿತು. ಹಸಿವು ಅಂದಿರಬೇಕು, ಬೆರಳು ಬಾಯಲ್ಲಿತ್ತಲ್ಲ, ಹಾಗೇ ಹೇಳಿಬಿಡೋಣ ಅನ್ನಿಸಿತು. ಗೋಡೆಗೆ ಒರಗಿದ್ದ ಗೊಂಬೆಗಳನ್ನು ನೋಡಿದಳು. ಅವರೂ ಏನೋ ಊಹಿಸಿ ಹೇಳಿದವರೇ, ಕೇಳಿಸಿಕೊಂಡಿದ್ದೆವು ಅಂತ ತೋರಿಸಿಕೊಳ್ಳುವುದಕ್ಕೆ.

“ನನಗೆ ಗೊತ್ತಿಲ್ಲ” ಅಂದಳು. “ಅವಳು ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದು.”

ಆ ಮಾತನ್ನು ಗುಂಗುರನಾಥನ ಮುಂದೆ ಯಾರೂ ಆಡಿರಲಿಲ್ಲ. ಅದು ಸರಿಯೂ ಅಲ್ಲ, ತಪ್ಪೂ ಅಲ್ಲ, ಅವನ ಮಂತ್ರದಲ್ಲಿ ಅದಕ್ಕೆ ಶಿಕ್ಷೆಯೇ ಇರಲಿಲ್ಲ.

“ಈಗ ಕೇಳ್ತೀನಿ” ಅಂದಳು ಕೆಂಚವ್ವ. ಹಲಗೆಯ ಹತ್ತಿರ ಹೋಗಿ ಒಂದೊಂದೇ ಗಡಿಗೆಗೆ ಕಿವಿ ಹಚ್ಚಿದಳು. ಎಷ್ಟೋ ಗಡಿಗೆ ದಾಟಿದ ಮೇಲೆ ಒಂದರಲ್ಲಿ, ಸೊಳ್ಳೆಯಷ್ಟು ಸಣ್ಣಗೆ, ಅವಳಿಗೆ ಗೊತ್ತಿದ್ದ ದನಿ. ಆ ಗಡಿಗೆಯನ್ನು ಮಡಿಲಿಗೆ ತೆಗೆದುಕೊಂಡು ನೆಲದ ಮೇಲೆ ಕೂತಳು. “ಪುಟ್ಟೀರಿ, ಇನ್ನೊಂದು ಸಲ ಹೇಳವ್ವ” ಅಂದಳು.

ಗುಂಗುರನಾಥ ನೂರ ಅರವತ್ತು ನಾಲಿಗೆಯನ್ನೂ ಒಟ್ಟಿಗೆ ಬಿಚ್ಚಿದ. ಓರಗಿತ್ತಿಯ ಮಾತು ಬಂತು, ಬೆಂಕಿಯ ಮಾತು ಬಂತು, ಅವಳ ಸತ್ತ ತಾಯಿಯ ದನಿಯಲ್ಲಿ ಜೋಗುಳವೂ ಬಂತು. ಕೆಂಚವ್ವ ಕಿವಿ ಮುಚ್ಚಿಕೊಳ್ಳಲಿಲ್ಲ. ಮುಚ್ಚಿದರೆ ಮಗಳ ದನಿಯೂ ಹೋಗುತ್ತದೆ. ಮನಸ್ಸು ಒಂದು ಸಲ ಓರಗಿತ್ತಿಯ ಕಡೆ ಹೋಯಿತು, ಹಿಡಿದು ತಂದಳು. ತಾಯಿಯ ಜೋಗುಳದ ಕಡೆ ಹೋಯಿತು, ಕಣ್ಣಲ್ಲಿ ನೀರು ಬಂತು, ಆದರೂ ಹಿಡಿದು ತಂದಳು. ನೂರು ಸಲ ಹೋಯಿತು. ತಪ್ಪಿಸಿಕೊಂಡು ಹೋದ ಹಸುವನ್ನು ಬೈಯದೆ ಕೊಟ್ಟಿಗೆಗೆ ಹೊಡೆದುಕೊಂಡು ಬರುವ ಹಾಗೆ ನೂರು ಸಲವೂ ತಂದಳು. ಹೊತ್ತು ಮುಳುಗಿತು, ಹೊತ್ತು ಹುಟ್ಟಿತು. ಬೆಳಗಿನ ಹೊತ್ತಿಗೆ ಒಂದು ಮಾತು ಕೇಳಿಸಿತು, ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಪೂರ್ತಿ ಕೇಳಿಸಿತು.

“ಅವ್ವಾ, ನನ್ನ ಹಲ್ಲು ಅಲ್ಲಾಡ್ತಿದೆ ನೋಡು. ನೋವಾಗಲ್ಲ. ಮುಟ್ಟಿ ನೋಡು ಬೇಕಾದ್ರೆ.”

ಅಷ್ಟೇ. ಮೂರು ದಿನ ಮಗು ಹೇಳಿದ್ದು ಅಷ್ಟೇ. ಕೆಂಚವ್ವ ಗಡಿಗೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು, ಅದೇ ಮಾತನ್ನು ಗುಂಗುರನಾಥನಿಗೆ ಗಟ್ಟಿಯಾಗಿ ಹೇಳಿದಳು. ಗಡಿಗೆ ಮಡಿಲಲ್ಲೇ ಒಡೆಯಿತು. ಮಾಯಾವಿಯ ಒಂದು ನಾಲಿಗೆ ಕಿತ್ತು ನೆಲಕ್ಕೆ ಬಿತ್ತು. ಅವಳ ಬೆನ್ನ ಮೇಲಿನ ಮರ ಬೆಚ್ಚಗಾಯಿತು, ಎರಡು ಕೈ ಕುತ್ತಿಗೆಯನ್ನು ಬಳಸಿದವು.

ಮಗಳನ್ನು ಇಳಿಸಿ ಮುಖ ನೋಡಿದಳು. ಆ ಹಲ್ಲು ಆಗಲೇ ಬಿದ್ದುಹೋಗಿತ್ತು. ಪುಟ್ಟೀರಿ ತಾಯಿಯನ್ನು ನೋಡಿದಳು, ಮಾತಾಡಲಿಲ್ಲ.

ಮಗಳು ಸಿಕ್ಕಳಲ್ಲ, ಇಳಿದು ಹೋಗಬಹುದಿತ್ತು. ಆದರೆ ಹಲಗೆಯ ಮೇಲೆ ಇನ್ನೂ ನೂರ ಐವತ್ತೊಂಬತ್ತು ಗಡಿಗೆ ಇದ್ದವು. ಅವುಗಳನ್ನು ಕೇಳಬೇಕಾದವರು ಊರಲ್ಲಿ ತೊಲೆ ನೋಡುತ್ತ ಕೂತಿದ್ದರು. ಕೆಂಚವ್ವ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡನೆಯ ಗಡಿಗೆ ಎತ್ತಿಕೊಂಡಳು. ಪುಟ್ಟೀರಿ ತಾನೂ ಕಿವಿ ಹಚ್ಚಿ, ದನಿ ಇರುವ ಗಡಿಗೆಗಳನ್ನು ಬೆರಳಿಂದ ತೋರಿಸಿಕೊಟ್ಟಳು. ಒಂದು ಮಗು ಇರುವೆಯ ಸಾಲು ತೋರಿಸಿತ್ತು. ಒಂದು ಹೊಟ್ಟೆನೋವು ಅಂದಿತ್ತು. ನಿಂಗಜ್ಜಿಯ ಮೊಮ್ಮಗ, ಅಪ್ಪಾ ಇಲ್ಲಿ ಬಾ ಅಂತ ಮಾತ್ರ ಅಂದಿದ್ದ. ಒಂದೊಂದನ್ನೂ ಕೇಳಿ, ಗಟ್ಟಿಯಾಗಿ ಹೇಳಿದಳು. ಒಂದೊಂದು ಗಡಿಗೆ ಒಡೆದಾಗಲೂ ಒಂದು ನಾಲಿಗೆ ಬಿತ್ತು, ಊರಲ್ಲಿ ಒಂದು ಗೊರವಂಕ ಮೂಕಾಯಿತು, ಒಂದು ಮಗು ಕಣ್ಣು ಬಿಟ್ಟಿತು. ಗೋಡೆಗೆ ಒರಗಿದ್ದ ಅಪ್ಪ ಅಮ್ಮಂದಿರಲ್ಲಿ ತಮ್ಮ ಮಗುವಿನ ಮಾತು ಕೇಳಿದವರು ಅಲುಗಾಡಿ ಎದ್ದು ಊರಿನ ಕಡೆ ಓಡಿದರು.

ಒಂಬತ್ತು ದಿನ ಹಿಡಿಯಿತು. ಹಳ್ಳದ ನೀರು, ಕಾಡುಹಣ್ಣು, ಅಷ್ಟೇ ಊಟ. ನೂರ ಹತ್ತೊಂಬತ್ತು ಗಡಿಗೆ ಒಡೆದವು. ಉಳಿದ ನಲವತ್ತೊಂದಕ್ಕೆ ಎಷ್ಟು ಕಿವಿ ಹಚ್ಚಿದರೂ ಸದ್ದಿಲ್ಲ. ಆ ಮಕ್ಕಳು ಕರೆದು ಕರೆದು, ಕಾದು ಕಾದು, ಸುಮ್ಮನಾಗಿಬಿಟ್ಟಿದ್ದರು. ಯಾವ ಕತೆಯೂ ಅವರನ್ನು ತರಲಾರದು, ಕತೆ ಹೇಳುವ ನನ್ನ ಕೈಯಲ್ಲೂ ಆಗುವುದಿಲ್ಲ. ಆ ಗಡಿಗೆಗಳ ಜೊತೆಗಿದ್ದ ನಾಲಿಗೆಗಳು ಒಣಗಿ ತಾವಾಗಿಯೇ ಉದುರಿದವು, ಊರಿನ ಉಳಿದ ಗೊರವಂಕಗಳೂ ಆಗಲೇ ಸುಮ್ಮನಾದವು. ಗುಂಗುರನಾಥನಿಗೆ ತನ್ನದೇ ಒಂದು ಮೊಂಡು ನಾಲಿಗೆ ಉಳಿಯಿತು. ಅವನು ಅದರಲ್ಲೇ ಮಾತಾಡುತ್ತ ಹೋದ, ಆಮೇಲೇನಾಯ್ತು ಗೊತ್ತಾ, ಆಮೇಲೇನಾಯ್ತು ಗೊತ್ತಾ ಅಂತ. ಹ್ಞೂಂ ಅನ್ನುವವರು ಯಾರೂ ಇರಲಿಲ್ಲ. ತಾಯಿ ಮಗಳು ಬಾಗಿಲು ದಾಟುವ ಹೊತ್ತಿಗೆ ಅಲ್ಲಿ ಒಂದು ಹಿಡಿ ಬೂದಿ ಇತ್ತು. ಕೆಳಗೆ ಕಾಗೆ, ನರಿ ಎರಡೂ ಹೇಳುವುದಕ್ಕೆ ಮಾತಿಲ್ಲದೆ ಕಾಡು ಸೇರಿದ್ದವು.

ಊರಲ್ಲಿ ಗೋಳಾಟ ಎದ್ದಿತ್ತು. ನಲವತ್ತೊಂದು ಮನೆಗಳಲ್ಲಿ ಮರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು, ಏನಂದೆ ಕಂದ, ಏನಂದೆ ಅಂತ ಕೇಳುತ್ತ ಕೂತಿದ್ದರು. ದಾಸಣ್ಣ ಬಾಗಿಲಲ್ಲಿ ನಿಂತಿದ್ದ. ಮಗಳನ್ನು ನೋಡಿ ಕೈ ಚಾಚಿದ, ಮುಟ್ಟುವುದಕ್ಕೆ ಧೈರ್ಯ ಬರದೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕೆಂಚವ್ವ ಬೈಯಲಿಲ್ಲ. ಬೈಯುವುದಕ್ಕೆ ತನಗೂ ಯೋಗ್ಯತೆ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ರಾಜ್ಯದ ಜನ ಸೇರಿ ಹಳೆಯ ಕಟ್ಟಳೆಯನ್ನು ತಿದ್ದಿದರು: ಕೇಳಿಸಿಕೊಂಡರೆ ಹ್ಞೂಂ, ಇಲ್ಲದಿದ್ದರೆ ‘ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು’ ಅನ್ನಬೇಕು. ಹಾಗೆ ಅನ್ನುವುದು ತಪ್ಪಲ್ಲ.

ಗಾಣ ಮತ್ತೆ ತಿರುಗಿತು, ಒಲೆ ಉರಿಯಿತು. ಆದರೆ ಪುಟ್ಟೀರಿ ಮಾತಾಡಲಿಲ್ಲ. ಉಂಡಳು, ಮಲಗಿದಳು, ಕರೆದರೆ ಬಂದಳು. ತಾನಾಗಿ ಯಾರನ್ನೂ ಕರೆಯಲಿಲ್ಲ. ಕೆಂಚವ್ವ ದಿನಾ ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು, ಕೈಯಲ್ಲಿ ಕೆಲಸ ಇಟ್ಟುಕೊಳ್ಳದೆ. ಮಾತಾಡು ಅಂತ ಪೀಡಿಸಲಿಲ್ಲ. ಇದುವರೆಗೆ ಮಗು ಕಾದಿತ್ತು, ಈಗ ತನ್ನ ಸರದಿ ಅಂದುಕೊಂಡಳು. ಒಂದು ತಿಂಗಳು ಕಳೆಯಿತು, ಎರಡು ತಿಂಗಳು ಕಳೆಯಿತು. ಅವಳು ಕೂರುವುದನ್ನು ಬಿಡಲಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಹಿತ್ತಲ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದಾಗ, ಪುಟ್ಟೀರಿ ತಾಯಿಯ ಸೆರಗಿನ ತುದಿ ಹಿಡಿದು ಮೆಲ್ಲಗೆ ಎಳೆದಳು.

“ಅವ್ವಾ” ಅಂದಳು. ಅಂದು, ಕಾದಳು.

“ಏನವ್ವ, ಹೇಳು” ಅಂದಳು ಕೆಂಚವ್ವ.

ಹೇಳತೊಡಗಿದವಳು ಹೊತ್ತು ಇಳಿಯುವ ತನಕ ಹೇಳಿದಳು. ಕೆಂಚವ್ವ ಕೊನೆಯ ತನಕ ಕೇಳಿದಳು. ಮುಂದೆ ಊರಿನವರೆಲ್ಲ ಬಹುಕಾಲ ಸುಖವಾಗಿ ಬದುಕಿದರು, ಆ ನಲವತ್ತೊಂದು ಮನೆಗಳನ್ನು ಬಿಟ್ಟು. ಆವತ್ತು ಮಗು ಏನು ಹೇಳಿತು ಅಂತ ನನ್ನನ್ನು ಕೇಳಬೇಡಿ. ಅದು ಅವರವ್ವನಿಗೆ ಹೇಳಿದ್ದು.